ಮುಸ್ಸಂಜೆಗೆ ಕಾಲದಂಡನನ್ನು ಕರೆಯುವುದು

ಬೇರೆಯವರ ಹೆಸರು ಬರೆದು ಬರೆದು ಕೈ ಸವೆಸಿಕೊಂಡವನಿಗೆ ತಾನೂ ಒಂದು ಹೆಸರಿಡಬೇಕೆಂಬ ಚಪಲ ಹುಟ್ಟುವುದು ತಪ್ಪಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆ ಚಪಲವನ್ನು ಒಂದು ಬಡಪಾಯಿ ನಾಯಿಯ ಮೇಲೆ ತೀರಿಸಿಕೊಂಡದ್ದು ಮಾತ್ರ ತಪ್ಪು. ನಾನು ರಾಜ್ಯದ ಗಡಿಯಾಚೆಯ ಗಣಿ ಊರು ಡಿಚೋಲಿಯಲ್ಲಿ ಅದಿರಿನ ಟ್ರಕ್ಕುಗಳಿಗೆ ಬಣ್ಣ ಬಳಿದು ಹೆಸರು ಬರೆಯುವ ಪೇಂಟರ್. ಸಿಂದಗಿ ಕಡೆಯಿಂದ ಇಲ್ಲಿಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಟ್ರಕ್ಕಿನ ಹಣೆಯ ಮೇಲೆ ದೇವರ ಹೆಸರು, ಬಾಗಿಲ ಮೇಲೆ ಮಾಲೀಕನ ಮಗಳ ಹೆಸರು, ಹಿಂದೆ ಡೀಸೆಲ್ ಟ್ಯಾಂಕಿನ ಪಕ್ಕ ಯಾರಿಗೂ ಹೇಳಬೇಡವೆಂದು ಡ್ರೈವರ್ ಬರೆಸಿಕೊಳ್ಳುವ ಇನ್ನೊಂದು ಹೆಸರು, ಎಲ್ಲವನ್ನೂ ಬರೆದಿದ್ದೇನೆ. ಆದರೆ ಅವುಗಳಲ್ಲಿ ಒಂದೂ ನಾನು ಆರಿಸಿದ್ದಲ್ಲ. ಹೊರಗಿನ ಮಾತಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಹೆಸರೂ ನಾನಿಟ್ಟದ್ದಲ್ಲ. ಅದಕ್ಕೆ ಕಾರಣ ನಮ್ಮ ಗೌರಕ್ಕ.

ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ, ವಾಸ್ಕೊದಲ್ಲಿರುತ್ತಾಳೆ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ ಹೆಸರು ಹೇಳುತ್ತಿದ್ದಂತೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಚಿಕ್ಕಂದಿನಲ್ಲಿ ತಿಳಿಯುತ್ತಿರಲಿಲ್ಲ, ನನಗೆ ಮಕ್ಕಳಾದ ಮೇಲೆ ಚೆನ್ನಾಗಿ ತಿಳಿಯಿತು. ಮಗನಿಗೆ ಮನೆಯವರೆಲ್ಲ ಕೂತು ಒಪ್ಪಿದ ಹೆಸರೊಂದು, ಗೌರಕ್ಕ ಕಿವಿಯಲ್ಲಿ ಹೇಳಿದ್ದು ಇನ್ನೊಂದು. ಕೇಳಿದರೆ, ‘ಬಾಯಾಗ ಅದ ಬಂತು ತಮ್ಮಾ, ನಾ ಏನ್ ಮಾಡ್ಲಿ’ ಎಂದಳು. ಕಿವಿಗೆ ಬಿದ್ದ ಹೆಸರನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮಗಳ ಸರದಿಗೂ ಅವಳ ಬಾಯಲ್ಲಿ ಬೇರೆಯದೇ ಬಂತು. ಎರಡು ಸಲವೂ ನಾನು ನಗುತ್ತ ಗುಗ್ಗರಿ ಹಂಚಿದೆ.

ಹೀಗಿರುವಾಗ ನಾಯಿ ಬಂತು. ಬಣ್ಣಕ್ಕೆಂದು ನಿಲ್ಲಿಸಿಹೋದ ಟ್ರಕ್ಕೊಂದರ ಟಾರ್ಪಾಲಿನ ಮಡಿಕೆಯಲ್ಲಿ ಮಲಗಿತ್ತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಡ್ರೈವರನಿಗೂ ಅದು ಎಲ್ಲಿ ಹತ್ತಿತೋ ಗೊತ್ತಿರಲಿಲ್ಲ. ನನ್ನ ಹೆಂಡತಿ ನೀಲವ್ವ ಹಾಲಿಗೆ ನೀರು ಬೆರೆಸಿ ಇಟ್ಟಳು, ಅದು ಅಲ್ಲೇ ಉಳಿಯಿತು. ಇದಕ್ಕಾದರೂ ನಾನೇ ಹೆಸರಿಡುವವನು ಎಂದು ಆ ಕ್ಷಣವೇ ನಿರ್ಧರಿಸಿದೆ. ಹೆಸರು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಾನು ಹನ್ನೊಂದು ಸಲ ನೋಡಿದ ಒಂದು ಕೊಲೆಗಾರನ ಸಿನಿಮಾ ಇದೆ. ಅದರ ಹೆಸರನ್ನು ನಿಮಗೆ ಹೇಳುವುದಿಲ್ಲ, ಹೇಳಿದರೆ ನೀವೂ ನೋಡಿ ಬಂದು, ‘ಇದನ್ನೇ ಹನ್ನೊಂದು ಸಲ ನೋಡಿದಿರಾ?’ ಎಂದು ಕೇಳುತ್ತೀರಿ. ಅದರಲ್ಲಿ ಕೊಲೆಗಾರನ ಮುಖವನ್ನು ಕೊನೆಯವರೆಗೂ ತೋರಿಸುವುದಿಲ್ಲ. ಬರೀ ಬೂಟಿನ ಸದ್ದು. ಪೊಲೀಸರು ಅವನಿಗಿಟ್ಟ ಹೆಸರು ಕಾಲದಂಡ, ಅಂದರೆ ಯಮನ ಕೈಯಲ್ಲಿರುವ ಕೋಲು. ಯಾರಾದರೂ ಆ ಹೆಸರು ಹೇಳಿದರೆ ಸಾಕು, ಊರಿನ ಮನೆಗಳ ದೀಪಗಳು ಒಂದೊಂದಾಗಿ ಆರುತ್ತವೆ. ಪ್ರತಿಸಲವೂ ಅಲ್ಲಿಗೆ ಬರುವಾಗ ನನ್ನ ಕೈಯ ಕೂದಲು ನಿಮಿರುತ್ತವೆ. ಅದೇ ಹೆಸರಿನ ನಾಯಿ ನನ್ನ ಶೆಡ್ಡಿನ ಬಾಗಿಲಲ್ಲಿ ಕೂತಿದ್ದರೆ ಬಣ್ಣದ ಡಬ್ಬಿ ಕದಿಯಲು ಯಾವನಿಗೆ ಧೈರ್ಯ ಬಂದೀತು?

ನಾಯಿಯ ಸ್ವಭಾವವನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಅದು ಛತ್ರಿ ಬಿಚ್ಚಿದರೆ ಮಂಚದ ಕೆಳಗೆ ಓಡುತ್ತಿತ್ತು. ಬೆಳಿಗ್ಗೆ ಪಾವ್ ಮಾರುವ ಪೊದೇರ್ ಸೈಕಲ್ಲಿನ ಹಾರ್ನ್ ಒತ್ತಿದರೆ ನೀಲವ್ವನ ಸೀರೆಯ ಮರೆ ಸೇರುತ್ತಿತ್ತು. ಪಕ್ಕದ ಮನೆಯ ಕೋಳಿಯೊಂದು ಅದರ ತಟ್ಟೆಯಿಂದಲೇ ಅನ್ನ ಹೆಕ್ಕುತ್ತಿದ್ದರೆ, ಇದು ದೂರದಲ್ಲಿ ಕೂತು ತನ್ನ ಸರದಿ ಕಾಯುತ್ತಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಇಂಥವರಿಗಾಗಿಯೇ ಇರುವುದು. ಆದರೂ ಹೆಸರಿನಿಂದ ಗುಣ ಬರಲಿ ಎಂದುಕೊಂಡು, ಕೆಂಪು ರೇಡಿಯಂ ಹಾಳೆಯಲ್ಲಿ ‘ಕಾಲದಂಡ’ ಎಂದು ಅಚ್ಚುಕಟ್ಟಾದ ಕನ್ನಡ ಅಕ್ಷರ ಕತ್ತರಿಸಿ ಬೆಲ್ಟಿಗೆ ಅಂಟಿಸಿ ಕೊರಳಿಗೆ ಕಟ್ಟಿದೆ. ಗಾಡಿಯ ಬೆಳಕು ಬಿದ್ದರೆ ಹೆಸರು ಕೆಂಡದಂತೆ ಹೊಳೆಯುತ್ತಿತ್ತು. ಡಿಚೋಲಿಯಲ್ಲಿ ನಾನು ಕನ್ನಡದಲ್ಲಿ ಬರೆದ ಹೆಸರುಗಳೇ ಕಡಿಮೆ. ಇದನ್ನು ಎರಡು ದಿನ ನಾನೇ ದೂರ ನಿಂತು ನೋಡಿಕೊಂಡೆ.

ನೀಲವ್ವ ಅಕ್ಷರ ಕೂಡಿಸಿ ಓದಿದಳು. ಅವಳ ಮುಖ ಬಾಡಿತು. ‘ಏನ್ರೀ ಇದು? ದಿನಾ ದೀಪಾ ಹಚ್ಚೂ ಹೊತ್ತಿಗೆ ಬಾಗಲದಾಗ ನಿಂತು, ಯಮನ ಕೋಲ, ಮನಿಗೆ ಬಾ ಅಂತ ಕರೀಲೇನು? ಮುಚ್ಚಂಜಿ ಹೊತ್ನ್ಯಾಗ ಅಸ್ತು ದೇವತೇರು ಅಡ್ಡಾಡ್ತಿರ್ತಾರ. ಅಸ್ತು ಅಂದಬಿಟ್ರ ಏನ್ ಮಾಡ್ತೀರಿ?’ ನಾನು ನಕ್ಕೆ. ದೇವತೆಗಳಿಗೆ ನಮ್ಮ ನಾಯಿಯ ಹೆಸರು ಕೇಳಿಕೊಂಡು ಕೂರುವಷ್ಟು ಪುರುಸೊತ್ತಿಲ್ಲ ಎಂದೆ. ಅವಳು ನಗಲಿಲ್ಲ. ‘ನನ್ನ ಬಾಯಾಗ ಈ ಹೆಸರ ಬರಾಂಗಿಲ್ಲ, ತಿಳೀತಿಲ್ರಿ?’ ಎಂದು ಒಳಗೆ ಹೋದಳು. ಅಷ್ಟಕ್ಕೇ ಬಿಡಲಿಲ್ಲ, ವಾಸ್ಕೊಗೆ ಫೋನ್ ಮಾಡಿದಳು. ಮರುದಿನ ಮೊದಲ ಬಸ್ಸಿಗೆ ಗೌರಕ್ಕ ಇಳಿದಳು.

ಅವಳು ಮೊದಲು ಕೂತು ನಿಧಾನವಾಗಿ ಚಹಾ ಕುಡಿದಳು. ನಾನು ನಾಯಿಯನ್ನು ಬಗಲಲ್ಲಿ ಅವುಚಿಕೊಂಡು ಕೂತಿದ್ದೆ. ಆ ಹತ್ತು ನಿಮಿಷ ನನ್ನ ಸಿನಿಮಾದ ಯಾವ ದೃಶ್ಯಕ್ಕೂ ಕಡಿಮೆಯಿರಲಿಲ್ಲ. ಅವಳು ಲೋಟ ಕೆಳಗಿಟ್ಟರೆ ನಾನು ನಾಯಿಯ ಕಿವಿ ಮುಚ್ಚುತ್ತಿದ್ದೆ. ಅವಳು ಕಾಲು ಮಡಚಿದರೆ ನಾನು ಗೋಡೆಗೆ ಸರಿಯುತ್ತಿದ್ದೆ. ‘ತಮ್ಮಾ, ನಿನ್ನ ಮನ್ಯಾಗ ಹೆಸರ ಹೇಳೂ ಹಕ್ಕ ಯಾರ್ದು?’ ಎಂದಳು.

‘ಅಕ್ಕಾ, ಇದು ಕೂಸಲ್ಲ, ನಾಯಿ.’

‘ನಾಯಿಗೇನ್ ಕಿವಿ ಇಲ್ಲೇನು?’

ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ಜೇಬಿಗೆ ಕೈ ಹಾಕಿದ್ದೇ ತಡ, ಗೌರಕ್ಕ ಬಗ್ಗಿ ಮಡಚಿದ ಕಿವಿಯನ್ನು ಎತ್ತಿ, ಕುರ್ರ್ ಎಂದು ‘ರಾಜಾ’ ಎಂದುಬಿಟ್ಟಳು. ಹೊಸ್ತಿಲಲ್ಲಿ ಕಾದು ನಿಂತಿದ್ದ ನೀಲವ್ವ ಓಡಿಬಂದು ಅವಳ ಬೆನ್ನಿಗೆ ನಾಲ್ಕು ಗುದ್ದಿದಳು. ಶಾಸ್ತ್ರ ಮುಗಿಯಿತು. ನಾಯಿ ಗಾಬರಿಯಿಂದ ಮಂಚದ ಕೆಳಗೆ ಹೋಯಿತು. ಮೂರನೆಯ ಸಲವೂ ಸೋತ ನನಗೆ ಖರೇ ಹೇಳಬೇಕೆಂದರೆ ಅಳುವೇ ಬಂತು. ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದು ಹೆಸರನ್ನೂ ಇಡಬಾರದೇ?

ಅಂದಿನಿಂದ ಮನೆಯಲ್ಲಿ ಎರಡು ಪಕ್ಷವಾಯಿತು. ನೀಲವ್ವ ರಾಜಾ ಎನ್ನುವಳು, ನಾನು ಕಾಲದಂಡ ಎನ್ನುವೆ. ಮಕ್ಕಳು ಎತ್ತ ಸೇರಿದರೂ ಊಟ ಹಾಕುವವಳು ಅಮ್ಮ ಎಂಬುದನ್ನು ಲೆಕ್ಕ ಹಾಕಿ ಆ ಕಡೆ ಸೇರಿದರು. ನಾನು ಕಳ್ಳದಾರಿ ಹಿಡಿದೆ. ಸಂಜೆ ಚಹಾದ ಹೊತ್ತಿಗೆ ಶೆಡ್ಡಿನ ಹಿಂದೆ ಹೋಗಿ, ಪಾವ್ ತುಂಡನ್ನು ಚಹಾದಲ್ಲಿ ಅದ್ದಿ, ‘ಕಾಲದಂಡಾ, ಬಾ’ ಎಂದು ಮೆಲ್ಲಗೆ ಕರೆಯುವುದು, ಬಂದರೆ ಕೊಡುವುದು. ಒಂದು ವಾರದಲ್ಲಿ ನಾಯಿಗೆ ಹೆಸರು ಗೊತ್ತಾಯಿತು. ರಾಜಾ ಎಂದರೆ ಅದು ತಿರುಗಿಯೂ ನೋಡುತ್ತಿರಲಿಲ್ಲ. ಹೆಂಡತಿಯ ಕಣ್ಣು ತಪ್ಪಿಸಿ ನಾಯಿಗೆ ಪಾವ್ ತಿನ್ನಿಸುವ ಗಂಡಸಿಗೆ ಎಂಥ ವಿಜಯದ ಹೆಮ್ಮೆಯಿರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು.

ಒಂದು ಸಂಜೆ ಟ್ರಕ್ಕೊಂದರ ಕೆಲಸ ಮುಗಿಸಲೇಬೇಕಿತ್ತು. ನಮ್ಮ ಅಂಗಳದಲ್ಲಿ ಜಾಗವಿಲ್ಲದೆ ಅದನ್ನು ರಸ್ತೆಯ ಆಚೆಗೆ ನಿಲ್ಲಿಸಿದ್ದೆವು. ನಾನು ಏಣಿಯ ಮೇಲೆ ನಿಂತು ಅದರ ಹಣೆಗೆ ದೇವಿಯ ಹೆಸರು ಬರೆಯುತ್ತಿದ್ದೆ. ಕತ್ತಲಾಗುವ ಮೊದಲು ಕೊನೆಯ ಅಕ್ಷರ ಮುಗಿಯಬೇಕೆಂಬ ಆತುರದಲ್ಲಿ ಚಹಾದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ನನಗೆ ಗೊತ್ತಾಗದಿದ್ದರೂ ನಾಯಿಗೆ ಗೊತ್ತಾಯಿತು. ಶೆಡ್ಡಿನ ಹಿಂದೆ ಕಾದು ನೋಡಿ, ನನ್ನನ್ನು ಹುಡುಕುತ್ತ ರಸ್ತೆಗೆ ಇಳಿಯಿತು. ನಾನು ತಿರುಗಿದಾಗ ಅದು ನಡುರಸ್ತೆಗೆ ಬಂದು, ಬಾಲ ಅಲ್ಲಾಡಿಸುತ್ತ ನನ್ನತ್ತ ನೋಡುತ್ತಿತ್ತು. ಅದೇ ಹೊತ್ತಿಗೆ ಮೇಲಿನ ತಿರುವಿನಿಂದ ಅದಿರು ತುಂಬಿದ ಟ್ರಕ್ಕೊಂದು ಹಾರ್ನ್ ಹೊಡೆಯುತ್ತ ಇಳಿಯಿತು.

ಹಾರ್ನ್ ಕೇಳಿದ ನಾಯಿ ಓಡಬೇಕಿತ್ತು. ಓಡಲಿಲ್ಲ. ನಾಲ್ಕು ಕಾಲನ್ನೂ ನೆಲಕ್ಕೆ ಒತ್ತಿ, ಹೊಟ್ಟೆ ತಗ್ಗಿಸಿ ಅಲ್ಲೇ ಕುಸಿಯಿತು. ಹೆಡ್‌ಲೈಟಿನ ಬೆಳಕು ಅದರ ಮೇಲೆ ಬಿತ್ತು. ರಸ್ತೆಯ ನಡುವೆ ನಾನು ಕತ್ತರಿಸಿದ ಅಕ್ಷರಗಳು ಕೆಂಪಗೆ ಹೊತ್ತಿಕೊಂಡವು: ಕಾಲದಂಡ. ಕೂಗಬೇಕೆಂದು ಬಾಯಿ ತೆರೆದೆ. ಸಿನಿಮಾದಲ್ಲಿ ನಾಯಕ ಇಂಥ ಹೊತ್ತಿಗೆ ಬೆಪ್ಪಾಗಿ ನಿಂತಾಗಲೆಲ್ಲ, ‘ಕೂಗೋ ಮಾರಾಯ’ ಎಂದು ಕುರ್ಚಿಯಿಂದ ಬೈದವನು ನಾನು. ಈಗ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಕರೆದರೂ ಅದು ಯಾವ ಕಡೆ ಓಡೀತು? ಟ್ರಕ್ಕು ನಾನಿದ್ದ ಬದಿಯಲ್ಲೇ ಬರುತ್ತಿತ್ತು, ನನ್ನ ಕಡೆಗೆ ಓಡಿದರೆ ಗಾಲಿಯ ಬಾಯಿಗೇ ಬೀಳುತ್ತಿತ್ತು. ಇದೆಲ್ಲ ಆಗ ಯೋಚಿಸಿದೆನೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಬ್ರಶ್ಶನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಬಿಟ್ಟರೆ ನಾನು ಏನೂ ಮಾಡಲಿಲ್ಲ.

ನೀಲವ್ವ ತುಳಸಿಯ ಮುಂದೆ ದೀಪ ಹಚ್ಚುತ್ತಿದ್ದಳು. ಕಡ್ಡಿ ಇನ್ನೂ ಕೈಯಲ್ಲಿ ಉರಿಯುತ್ತಿತ್ತು. ‘ರಾಜಾ’ ಎಂದು ಕೂಗಿದಳು. ನಾಯಿ ಅಲ್ಲಾಡಲಿಲ್ಲ. ‘ಏ ರಾಜಾ, ಬಾರೋ’ ಎಂದಳು. ನಾಯಿ ಬೆಳಕನ್ನೇ ನೋಡುತ್ತಿತ್ತು. ಟ್ರಕ್ಕು ನಮ್ಮ ಶೆಡ್ಡಿನ ಮೂಲೆಗೆ ಬಂದಿತ್ತು. ಆಗ ಅವಳು ಕಡ್ಡಿ ಎಸೆದು, ಎರಡೂ ಕೈ ಎತ್ತಿ, ಓಣಿಗೆ ಓಣಿಯೇ ಕೇಳುವಂತೆ, ‘ಕಾಲದಂಡಾ, ಬಾ. ಮನಿಗೆ ಬಾ’ ಎಂದು ಕರೆದಳು.

ನಾಯಿ ಎದ್ದು ತಿರುಗಿ ಬಾಣದಂತೆ ಅವಳ ಕಾಲಿಗೆ ಬಂದು ಬಿತ್ತು. ಟ್ರಕ್ಕು ಬ್ರೇಕಿನ ಕಿರುಚಾಟದೊಂದಿಗೆ ಅದು ಕುಸಿದಿದ್ದ ಜಾಗ ದಾಟಿ ಎರಡು ಮಾರು ಮುಂದೆ ಹೋಗಿ ನಿಂತಿತು. ಡ್ರೈವರ್ ಇಳಿದ. ವಿಜಯಪುರ ಕಡೆಯವನು, ನನ್ನ ಹಳೆಯ ಗಿರಾಕಿ. ‘ನಾಯಿ ನಾ ನೋಡೇ ಇಲ್ರಿ ಪೇಂಟರ್. ಅಕ್ಕಾರು ಕರದದ್ದು ಕೇಳಿತು. ಇಷ್ಟ ಹೊತ್ನ್ಯಾಗ ಯಾರು ಯಮನ್ನ ಮನಿಗೆ ಕರ್ಯಾಕತ್ತಾರಂತ ಹೆದರಿ ಬ್ರೇಕ್ ಒತ್ತಿದ್ನಿ.’ ನಾನು ಏಣಿಯಿಂದ ಇಳಿಯಲು ನೋಡಿದೆ. ಅವನೇ ಕೈಹಿಡಿದು ಇಳಿಸಿದ.

ಗೆದ್ದವನು ನಾನಲ್ಲವೇ? ಜೀವ ಉಳಿಸಿದ್ದು ನಾನಿಟ್ಟ ಹೆಸರು. ಆ ರಾತ್ರಿ ಊಟದ ಹೊತ್ತಿಗೆ ಅದನ್ನು ನೆನಪಿಸಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಆದರೆ ನೀಲವ್ವ ಆ ಹೆಸರು ಕೂಗಿದ ದನಿ ಕಿವಿಯಲ್ಲಿ ಇನ್ನೂ ಮೊಳಗುತ್ತಿತ್ತು. ಸಿನಿಮಾದಲ್ಲಿ ಅದನ್ನು ಹೇಳುವವರು ಸಂಬಳ ಪಡೆದವರು. ಇವಳು ದೀಪದ ಮುಂದೆ ನಿಂತು, ಮನಸಾರೆ, ಯಮನ ಕೋಲಿಗೆ ಮನೆಗೆ ಬಾ ಎಂದಿದ್ದಳು. ಮರುದಿನ ಸಂಜೆ ದೀಪ ಹಚ್ಚಿ ಮತ್ತೆ ಕರೆದಳು. ಈಗ ಅವಳಿಗೆ ಯಾವ ಅಳುಕೂ ಇರಲಿಲ್ಲ. ‘ಕಾಲದಂಡಾ, ಬಾ, ಒಳಗ ಬಾ.’ ಒಳಗೆ ಕೂತಿದ್ದ ನಾನು ತಟ್ಟನೆ ಬಾಗಿಲತ್ತ ತಿರುಗಿದೆ. ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ನಾಯಿಯೇ ಎಂದು ಗೊತ್ತಿದ್ದರೂ ನಾನು ಮುಖ ಕಾಣುವವರೆಗೆ ಉಸಿರು ಬಿಡಲಿಲ್ಲ. ಆ ಭಾನುವಾರ ಟಿವಿಯಲ್ಲಿ ನನ್ನ ಸಿನಿಮಾ ಬಂದಾಗ ಧಾರಾವಾಹಿ ಹಾಕಲು ನಾನೇ ಹೇಳಿದೆ.

ಕೊನೆಗೆ ಮರ್ಯಾದೆ ಬಿಟ್ಟು ಕೇಳಿದೆ. ‘ನೀಲಾ, ಅಕ್ಕ ಇಟ್ಟ ಹೆಸರೂ ಚಲೋ ಐತಿ. ರಾಜಾ ಅಂತನ ಕರಿಯೋಣೇನು?’

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ‘ಜೀವಾ ಉಳಿಸಿದ ಹೆಸರ ಬಿಡಬಾರ್ದ್ರಿ. ಗೌರಕ್ಕಗೂ ಫೋನ್ ಮಾಡಿ ಹೇಳೇನಿ, ಹೂಂ ಅಂದಾರ. ಮೊದಲನೇ ಸಲ ನೀವು ಒಂದು ಹೆಸರ ಇಟ್ಟೀರಿ, ಇರ್ಲಿ ಬಿಡ್ರಿ.’

ಹೀಗೆ ಇಡೀ ಮನೆ ನನ್ನ ಮಾತಿಗೆ ಬೆಲೆ ಕೊಟ್ಟ ಮೊದಲ ಸಂದರ್ಭದಲ್ಲಿ ನನಗೆ ಓಡಿಹೋಗಲು ದಾರಿಯಿಲ್ಲದಾಯಿತು. ಯೋಚಿಸಿ ಒಂದು ಉಪಾಯ ಕಂಡುಕೊಂಡಿದ್ದೇನೆ. ಹೊರಗಿಲ್ಲದ ನಾಯಿಯನ್ನು ಯಾರೂ ಕರೆಯಬೇಕಾಗಿಲ್ಲ. ಆದ್ದರಿಂದ ಈಗ ಬಿಸಿಲು ಇಳಿಯುತ್ತಿದ್ದಂತೆ, ಅಕ್ಷರ ಅರ್ಧವಾಗಿದ್ದರೂ ಬ್ರಶ್ ಕೆಳಗಿಡುತ್ತೇನೆ. ರಸ್ತೆ ದಾಟಬೇಕಾದರೂ ದಾಟಿ, ನಾಯಿ ಎಲ್ಲಿದ್ದರೂ ಹುಡುಕಿ, ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ತಂದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಅದು ನನ್ನ ಬಣ್ಣದ ಅಂಗಿಗೆ ಮೂತಿ ಒರೆಸಿ ಮಲಗುತ್ತದೆ. ನೀಲವ್ವ ಬಾಗಿಲಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ, ‘ಇಲ್ಲೇ ಐತಿ, ಇಲ್ಲೇ ಐತಿ’ ಎನ್ನುತ್ತೇನೆ. ಅವಳು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡುತ್ತಾಳೆ. ನಿನ್ನೆ ಪಕ್ಕದ ಮನೆಯವಳ ಹತ್ತಿರ, ‘ನಮ್ಮ ಮನಿಯವರಿಗೆ ಆ ನಾಯಿ ಅಂದ್ರ ಭಾಳ ಜೀವ. ಒಂದ್ ಗಳಿಗಿ ಹೊರಗ ಬಿಡಾಂಗಿಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಒಳಗೆ ಕೇಳಿಸಿಕೊಂಡೆ, ತೊಡೆಯ ಮೇಲಿನ ನಾಯಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.