ನನ್ನನ್ನು ‘ಸಿಟ್ಟು’ ಎಂದು ಗುರುತಿಸಿದ ಯಂತ್ರ ಮಹಾಶಯರಿಗೆ

ಒಂದನೇ ತರಗತಿಯ ಕಪ್ಪುಹಲಗೆಯ ಪಕ್ಕದಲ್ಲಿ, ಸೀಮೆಸುಣ್ಣದ ಧೂಳು ತಾಗದಂತೆ ಟವೆಲ್ ಹೊದ್ದು ವಿರಾಜಮಾನರಾಗಿರುವ, ಮುಖ ನೋಡಿ ಮನಸ್ಸು ಹೇಳುವ ಮಾನ್ಯ ಯಂತ್ರದವರೇ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಒಬ್ಬ ತಾಯಿಯ ಅನಂತ ವಂದನೆಗಳು.

ಆರು ವರ್ಷದ ಮಕ್ಕಳಿಗೆ ತಮ್ಮಂಥ ಯಂತ್ರಗಳಿಗೆ ಪಾಠ ಹೇಳುವ ವಿದ್ಯೆ ಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ದೊಡ್ಡ ಜಟಾಪಟಿಯೇ ನಡೆದಿತ್ತು. ಮೊದಲು ಮಗ್ಗಿ ಕಲಿಯಲಿ ಎಂದು ಅತ್ತೆಯವರು, ಈಗಲೇ ಕಲಿಯದಿದ್ದರೆ ಮಗಳು ಹಿಂದೆ ಬೀಳುತ್ತಾಳೆಂದು ಯಜಮಾನರು. ನಡುವೆ ಮಹಾ ಜಾಣೆಯಂತೆ ನಾನು ತಮ್ಮ ಪರವಾಗಿ ಕೈ ಎತ್ತಿದೆ. ಅದರ ಫಲವನ್ನು ಪೋಷಕರ ಸಭೆಯಲ್ಲಿ ಉಂಡೆ.

ಮಕ್ಕಳು ಮನೆಯಿಂದ ಫೋಟೋ ತಂದು, ‘ನಗು’, ‘ಸಿಟ್ಟು’ ಎಂದು ವಿಂಗಡಿಸಿ ತಮಗೆ ಪಾಠ ಹೇಳಿದ್ದರಂತೆ. ಹಾಗೆ ಕಲಿತು ಪಂಡಿತರಾದ ತಾವು, ಬಾಗಿಲು ದಾಟಿ ಬಂದ ಒಬ್ಬೊಬ್ಬರನ್ನೂ “ನಗು” ಎಂದು ಸ್ವಾಗತಿಸುತ್ತ, ಹಲ್ಲು ಕಿರಿದುಕೊಂಡೇ ಬಂದ ನನ್ನನ್ನು ಕಂಡೊಡನೆ ಇಡೀ ಸಭೆಗೆ ಕೇಳುವಂತೆ “ಸಿಟ್ಟು” ಎಂದಿರಿ. ಇನ್ನಷ್ಟು ಅಗಲವಾಗಿ ನಕ್ಕೆ. “ಬಹಳ ಸಿಟ್ಟು” ಎಂದಿರಿ. ಆಹಾ, ಎಂಥ ಸೂಕ್ಷ್ಮದೃಷ್ಟಿ! ಹಿಂದೆ ನಿಂತಿದ್ದ ಯಜಮಾನರು ಹೌದೆಂದು ತಲೆಯಾಡಿಸಿದ್ದನ್ನು ನಾನು ಮರೆಯುವವಳಲ್ಲ.

ಮನೆಗೆ ಬಂದವಳೇ, ನಾನು ಅಷ್ಟೊಂದು ಸಿಡುಕಿಯೇನೇ ಎಂದು ಮಗಳನ್ನು ಕೇಳಿದೆ. “ಇಲ್ಲಮ್ಮ, ನಿಂದು ಅದೊಂದೇ ಫೋಟೋ ಸಿಕ್ಕಿದ್ದು, ‘ಸಿಟ್ಟು’ ಗುಂಪಿಗೆ ಹಾಕಿದೆ” ಅಂದಳು. ಅದು ನನ್ನ ಕೆಲಸದ ಗುರುತಿನ ಚೀಟಿಯದು. “ನಗಬೇಡಿ, ನೆಟ್ಟಗೆ ನೋಡಿ” ಎಂದು ಗದರಿಸಿ ತೆಗೆದದ್ದು. ಮಿಕ್ಕ ಫೋಟೋಗಳಲ್ಲೆಲ್ಲ ಅತ್ತೆಯವರಿದ್ದಾರೆ, ಯಜಮಾನರಿದ್ದಾರೆ, ಪಕ್ಕದ ಮನೆಯ ನಾಯಿಯೂ ಇದೆ. ನಾನಿಲ್ಲ, ಏಕೆಂದರೆ ಅವನ್ನೆಲ್ಲ ತೆಗೆದವಳು ನಾನೇ.

ಹಾಗೆಂದು ಪಾಠ ನಿಲ್ಲುವುದು ಬೇಡ. ಆದರೆ ತಮಗೆ ಫೋಟೋ ತೋರಿಸುವ ಮುನ್ನ, ಇದರಲ್ಲಿ ಯಾರಿಲ್ಲ, ಯಾಕಿಲ್ಲ ಎಂದು ಕೇಳುವುದನ್ನೂ ಮಕ್ಕಳು ಕಲಿಯಲಿ. ಜೊತೆಗೆ ತಾವೊಂದು ಭಾನುವಾರ ನಮ್ಮ ಮನೆಗೆ ದಯಮಾಡಿಸಿ, ನಾನು ನಗುವುದನ್ನು ಕಣ್ಣಾರೆ ಕಂಡು, ಮರುದಿನ ಇಡೀ ಶಾಲೆಯ ಮುಂದೆ ತೀರ್ಪು ಬದಲಾಯಿಸಬೇಕೆಂದು ಕೋರುತ್ತೇನೆ. ಹಾಲು ಉಕ್ಕಿ ಚೆಲ್ಲುವ ಹೊತ್ತಿಗೆ ಮಾತ್ರ ಬರಬೇಡಿ.

ತಮ್ಮ ವಿಶ್ವಾಸಿ,
(ತಮ್ಮ ಪ್ರಕಾರ) ಬಹಳ ಸಿಟ್ಟು

ತಾ.ಕ.: ನಿನ್ನೆ ಮಗಳು ನನ್ನ ಫೋನ್ ಕಿತ್ತುಕೊಂಡು, “ಅಮ್ಮ, ಇವತ್ತು ನೀನು ನಿಂತ್ಕೋ” ಎಂದು ಫೋಟೋ ತೆಗೆದಳು. ಅರ್ಧ ಅವಳ ಹೆಬ್ಬೆರಳು, ಉಳಿದರ್ಧ ನನ್ನ ನಗು. ಲಗತ್ತಿಸಿದ್ದೇನೆ. ತಾವಿದನ್ನು ‘ಹೆಬ್ಬೆರಳು’ ಎಂದರೂ ಬೇಸರವಿಲ್ಲ. ಮತ್ತೆ ‘ಸಿಟ್ಟು’ ಎಂದರೆ ಮಾತ್ರ, ತಮ್ಮ ಪ್ಲಗ್ ಎಲ್ಲಿದೆಯೆಂದು ಮಗಳು ನನಗೆ ತೋರಿಸಿಕೊಟ್ಟಿದ್ದಾಳೆ.