ಶನಿವಾರದ ಸೈರನ್

ಎಲ್ಲದಕ್ಕೂ ಕಾರಣ ಒಂದು ಚಮಚ ಕುಂಬಳಬೀಜದ ಎಣ್ಣೆ.

ಶನಿವಾರ ಬೆಳಿಗ್ಗೆ ದರ್ಜಿ ವೆಂಡೆಲಿನ್ ಮೊಟ್ಟೆಯ ಮೇಲೆ ಎಣ್ಣೆ ಹೊಯ್ದುಕೊಳ್ಳಲು ಹೋಗಿ, ಕುರ್ಚಿಗೆ ನೇತುಹಾಕಿದ್ದ ಅಗ್ನಿಶಾಮಕ ದಳದ ಕೋಟಿನ ಮೇಲೆ ಚೆಲ್ಲಿಬಿಟ್ಟ. ಕುಂಬಳಬೀಜದ ಎಣ್ಣೆ ಬಟ್ಟೆಗೆ ಬಿತ್ತೆಂದರೆ ಮುಗಿಯಿತು. ನಮ್ಮ ಸ್ಟೈರಿಯಾ ಸೀಮೆಯ ಹೆಂಗಸರು ಅದನ್ನು ಒಗೆದು ಬಿಸಿಲಿಗೆ ಹಾಕುತ್ತಾರೆ, ಉಳಿದದ್ದನ್ನು ಸೂರ್ಯ ನೋಡಿಕೊಳ್ಳುತ್ತಾನೆ. ಆದರೆ ಅದು ನವೆಂಬರ್ ತಿಂಗಳು. ಸೂರ್ಯ ಆ ವಾರ ಇತ್ತ ತಲೆಯೇ ಹಾಕಿರಲಿಲ್ಲ.

"ನಾಳೆ ಪೆರೇಡು ಕಣೇ! ಏನು ಹಾಕ್ಕೊಳ್ಲಿ?" ಎಂದು ವೆಂಡೆಲಿನ್ ತಲೆ ತಲೆ ಚಚ್ಚಿಕೊಂಡ.

"ಬಾಗಿಲು ಹಾಕೋದಕ್ಕೆ ಕೋಟು ಯಾಕ್ರೀ?" ಎಂದಳು ಹೆಂಡತಿ ರೋಸ್ವಿಥಾ.

ಮಾತು ಸರಿಯಾಗಿ ನಾಟಿತು. ನಮ್ಮೂರಿನ ದಳಕ್ಕೆ ಸಂಬಳವಿಲ್ಲ, ಎಲ್ಲ ಊರವರೇ. ಸೈರನ್ ಕೂಗಿತೆಂದರೆ ಕಟುಕ ಕತ್ತಿ ಬಿಟ್ಟು, ಮೇಷ್ಟ್ರು ಮಕ್ಕಳನ್ನು ಬಿಟ್ಟು ಓಡಿ ಬರಬೇಕು. ಗಾಡಿಯಲ್ಲಿ ಸೀಟು ಒಂಬತ್ತು. ಮೊದಲು ಬಂದ ಒಂಬತ್ತು ಜನ ಹತ್ತಿ ಹೊರಡುತ್ತಾರೆ. ಹತ್ತನೆಯವನು ಹಿಂದೆ ಉಳಿದು, ಎದುರಿನ ಹೋಟೆಲಿನ ಬಾತುಗಳು ಒಳಗೆ ನುಗ್ಗದ ಹಾಗೆ ಠಾಣೆಯ ಬಾಗಿಲು ಹಾಕಬೇಕು. ವೆಂಡೆಲಿನ್ ಮನೆ ಹಳ್ಳದ ಆಚೆ. ಅವನು ಸೈಕಲ್ ತುಳಿದು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಗಾಡಿ ಹೋಗಿ ಹೊಗೆ ಮಾತ್ರ ಉಳಿದಿರುತ್ತಿತ್ತು. ದಳಕ್ಕೆ ಸೇರಿ ಇಷ್ಟು ವರ್ಷವಾದರೂ ಪುಣ್ಯಾತ್ಮ ಒಂದು ಬೆಂಕಿಯನ್ನೂ ಕಂಡವನಲ್ಲ.

ಪಾಪ ಅಂತ ಕಮಾಂಡರ್ ಗೊಟ್‌ಹಾರ್ಡ್ ಅವನಿಗೆ ಎರಡು ಕೆಲಸ ಕೊಟ್ಟಿದ್ದ. ಒಂದು, ಬೆಂಕಿಯಿಂದ ಪಾರಾಗಲು ಏನೇನು ಮಾಡಬಾರದು ಎಂಬ ನೋಟಿಸನ್ನು ಮನೆಮನೆಗೂ ಅಂಟಿಸಿ ಬುದ್ಧಿ ಹೇಳುವುದು. ಇನ್ನೊಂದು, ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಂಡಿ ಒತ್ತಿ ಸೈರನ್ ಕೂಗಿಸಿ ನೋಡುವುದು. ಆ ಕೂಗಿಗೆ ಊರಲ್ಲಿ ಯಾರೂ ಓಡುವುದಿಲ್ಲ. ಗಡಿಯಾರ ಸರಿ ಮಾಡಿಕೊಂಡು ಊಟಕ್ಕೆ ಕೂರುತ್ತಾರೆ.

ಆದರೆ ಹೋದ ವಾರ ಕಮಾಂಡರ್ ಖಡಾಖಂಡಿತವಾಗಿ ಹೇಳಿದ್ದ: "ನೋಡೋ ವೆಂಡೆಲಿನ್, ಪೆರೇಡಿನ ಒಳಗೆ ಒಂದು ಸಲನಾದ್ರೂ ಗಾಡಿ ಹತ್ತು. ಇಲ್ಲಾಂದ್ರೆ ಆವತ್ತಿಂದ ನೀನು ಮುದುಕರ ಜೊತೆ ಕೇಕ್ ಮೇಜಿಗೆ." ಪೆರೇಡಿನ ಹಬ್ಬದ ದಿನ ಹೆಂಗಸರು ಮಾಡಿದ ಕೇಕು ಮಾರುವುದು ಕೈಲಾಗದವರ ಕೆಲಸ. ಅಲ್ಲಿಗೆ ಹೋದವನು ದಳಕ್ಕೆ ಮರಳಿದ್ದಿಲ್ಲ. ವೆಂಡೆಲಿನ್‌ಗೆ ವಾರವಿಡೀ ಅನ್ನ ನೀರು ಇಳಿದಿರಲಿಲ್ಲ.

ಒಗೆದ ಕೋಟನ್ನು ಅವನು ಜೊತೆಗೇ ಇದ್ದ ಅತ್ತೆಯ, ಅಂದರೆ ರೋಸ್ವಿಥಾಳ ಅಮ್ಮನ, ಕೈಗಿಟ್ಟ. "ಅತ್ತೆ, ಹೇಗಾದ್ರೂ ಮಾಡಿ ಇದನ್ನ ಒಣಗ್ಸಿಬಿಡಿ. ನನ್ನ ಮಾನ ನಿಮ್ಮ ಕೈಲಿದೆ."

"ನೀವು ಹೋಗ್ಬನ್ನಿ ಅಳಿಯಂದ್ರೇ. ನಾನಿಲ್ವಾ?" ಎಂದಳು ಅತ್ತೆ.

ಹನ್ನೆರಡಕ್ಕೆ ಸರಿಯಾಗಿ ಠಾಣೆಯಲ್ಲಿ ಗುಂಡಿ ಒತ್ತಿದ. ಸೈರನ್ ಕೂಗಿ ಇಳಿಯಿತು. ಊರ ತುಂಬ ಚಮಚಗಳ ಸದ್ದು ಶುರುವಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಊರಲ್ಲಿ ಮೂರೋ ನಾಲ್ಕೋ ಫೋನುಗಳಿದ್ದ ಕಾಲ ಅದು. ಗುಡ್ಡದ ಮೇಲಿನ ಮುದುಕಿ ನೊಟ್‌ಬುರ್ಗಾ ಕಿರುಚಿದಳು:

"ಬೆಂಕಿ ಕಣ್ರಪ್ಪಾ! ಪಾಪ್ಲರ್ ಮರದ ಸಾಲಿನ ಹಿಂದೆ ಹೊಗೆ ಏಳ್ತಾ ಇದೆ!"

ಪಾಪ್ಲರ್ ಸಾಲಿನ ಹಿಂದೆ ಎಂದರೆ ಮರ ಕೊಯ್ಯುವ ಮಿಲ್ಲು! ವೆಂಡೆಲಿನ್‌ಗೆ ಹೆದರಿಕೆ ಅರ್ಧ, ಸಂತೋಷ ಅರ್ಧ. ನಿಜವಾದ ಬೆಂಕಿ, ಮತ್ತು ಅವನೇ ಮೊದಲಿಗ! ಮತ್ತೆ ಸೈರನ್ ಕೂಗಿಸಿ, ಶಿರಸ್ತ್ರಾಣ ಹಾಕಿಕೊಂಡು, ಡ್ರೈವರ್ ಪಕ್ಕದ ಸೀಟಿನಲ್ಲಿ ರಾಜನ ಹಾಗೆ ಕೂತ.

ಯಾರೂ ಬರಲಿಲ್ಲ. ಇಳಿದು ಮತ್ತೆ ಒತ್ತಿದ. ಬಂದದ್ದು ಎರಡು ಬಾತು.

ಅವನಿಗೆ ಗಾಡಿ ಓಡಿಸಲು ಬರದು. ಎದುರಿನ ಹೋಟೆಲಿಗೆ ಓಡಿದ. ಕಮಾಂಡರ್ ಗೊಟ್‌ಹಾರ್ಡ್ ಸಾರಿನಲ್ಲಿ ತೇಲುತ್ತಿದ್ದ ಕಡುಬನ್ನು ಚಮಚದಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದ.

"ಕಮಾಂಡರ್ರೇ, ಬೆಂಕಿ!"

"ಸೈರನ್ ಚೆನ್ನಾಗಿದೆ ಕಣೋ. ಕೇಳಿಸ್ತು."

"ಅಲ್ಲ ಕಮಾಂಡರ್ರೇ, ನಿಜವಾದ ಬೆಂಕಿ! ನೊಟ್‌ಬುರ್ಗಜ್ಜಿ ಫೋನ್ ಮಾಡಿದ್ಲು!"

ಕಮಾಂಡರ್ ಪಕ್ಕದ ಮೇಜಿನಲ್ಲಿದ್ದ ಕಟುಕ ಕ್ರಿಸ್ಪಿನ್‌ಗೆ ಕಣ್ಣು ಹೊಡೆದ. ಗಾಡಿ ಓಡಿಸುವವನು ಇದೇ ಕ್ರಿಸ್ಪಿನ್. "ನೋಡಿದ್ಯಾ? ನಾಳೆ ಕೇಕ್ ಮೇಜು ಅಂದಿದ್ದಕ್ಕೆ ಇವತ್ತೇ ಬೆಂಕಿ ಬಿತ್ತು!"

"ನೊಟ್‌ಬುರ್ಗಜ್ಜಿಗೆ ಮಂಜು ಕಂಡ್ರೂ ಹೊಗೆ," ಎಂದ ಕ್ರಿಸ್ಪಿನ್. "ಹೋಗೋ ಮಾರಾಯ, ಊಟ ಮಾಡೋರಿಗೆ ಗೋಳು ಹುಯ್ಕೋಬೇಡ."

ಅಲ್ಲೇ ಊಟಕ್ಕೆ ಕೂತಿದ್ದ ದಳದ ನಾವೆಲ್ಲ ನಕ್ಕೆವು. ವೆಂಡೆಲಿನ್‌ಗೆ ಅಳು ಬಂದಿತ್ತು. ಅಲ್ಲಿ ಮಿಲ್ಲು ಉರಿಯುತ್ತಿದೆ, ಇಲ್ಲಿ ಇವರು ಕಡುಬು ತಿನ್ನುತ್ತಿದ್ದಾರೆ! ಠಾಣೆಗೆ ಓಡಿ ಗುಂಡಿಯ ಮೇಲೆ ಹೆಬ್ಬೆರಳಿಟ್ಟವನು ತೆಗೆಯಲೇ ಇಲ್ಲ.

ಸೈರನ್ ಗಂಟಲು ಹರಿಯುವ ಹಾಗೆ ಕೂಗಿತು. ನಾಯಿಗಳು ದನಿಗೂಡಿಸಿದವು. ಕೊನೆಗೆ ಊರಿಗೆ ಊರೇ ಠಾಣೆಗೆ ನುಗ್ಗಿತು. ಬೆಂಕಿ ಆರಿಸಲಿಕ್ಕಲ್ಲ, ವೆಂಡೆಲಿನ್‌ನ ಕಿವಿ ಹಿಂಡಲಿಕ್ಕೆ.

"ಬಿಡೋ ಕೈ! ಊಟ ಮಾಡೋರ ಕಿವಿ ಹೋಯ್ತು!" ಎಂದು ಕ್ರಿಸ್ಪಿನ್ ಕೊರಳಿನ ಊಟದ ಬಟ್ಟೆಯ ಸಮೇತ ಬಂದು ಅವನ ರಟ್ಟೆ ಹಿಡಿದೆಳೆದ.

"ಪಾದ್ರಿಗಳು ಬೆಚ್ಚಿಬಿದ್ದು ಬಿಸಿ ಸಾರು ಮಡಿಲಿಗೆ ಚೆಲ್ಕೊಂಡ್ರು! ನಿನಗೆ ಒಳ್ಳೇದಾಗುತ್ತಾ?" ಎಂದು ಚರ್ಚಿನ ಅಡುಗೆಯವಳು ಆಫ್ರಾ ಬಾಗಿಲಲ್ಲಿ ನಿಂತು ಸೌಟು ಬೀಸಿದಳು. ಬೀಸಿದ ಸೌಟು ಹಾಗೇ ನಿಂತಿತು. "ಅಯ್ಯೋ ದೇವರೇ! ಪಾಪ್ಲರ್ ಮರದ ಹಿಂದೆ... ನಿಜವಾಗ್ಲೂ ಹೊಗೆ!"

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ನಮ್ಮ ದಳವನ್ನು ಬೇರೆ ಯಾವುದಕ್ಕಾದರೂ ಬೈಯಿರಿ, ಬೆಂಕಿ ಕಂಡ ಮೇಲೆ ಬೈಯುವ ಹಾಗಿಲ್ಲ. ಕ್ರಿಸ್ಪಿನ್ ರಟ್ಟೆ ಬಿಟ್ಟ ರಭಸಕ್ಕೆ ವೆಂಡೆಲಿನ್ ಹಗ್ಗದ ಸುರುಳಿಯ ಮೇಲೆ ಕೂತುಬಿಟ್ಟ. ಎದ್ದು "ನಾನೂ ಬಂದೆ!" ಎನ್ನುವಷ್ಟರಲ್ಲಿ ಒಂಬತ್ತು ಸೀಟೂ ಭರ್ತಿ. ಡ್ರೈವರ್ ಪಕ್ಕದಲ್ಲಿ ಕಮಾಂಡರ್.

"ವೆಂಡೆಲಿನ್, ಬಾಗಿಲು ಹಾಕೋ! ಬಾತು!"

ಗಾಡಿ ಹೋಯಿತು.

ಬಾತುಗಳನ್ನು ಓಡಿಸಿ, ಬಾಗಿಲು ಹಾಕಿ, ಅವನು ಸೈಕಲ್ ಹತ್ತಿದ. ಬೆಂಕಿಯನ್ನು ಕಣ್ಣಿನಿಂದಲಾದರೂ ನೋಡಿಬಿಡುವ ಹಟ. ಹಳ್ಳದ ಸೇತುವೆ ದಾಟಿ ಪಾಪ್ಲರ್ ಸಾಲು ತಿರುಗಿದರೆ ಮಿಲ್ಲು ಇದ್ದ ಹಾಗೇ ಇದೆ. ಮಿಲ್ಲಿನವನು ಗೇಟಿನಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದ.

"ಇಲ್ಲಲ್ಲ, ಮುಂದೆ," ಎಂದ ಅವನು, ಬೇಜಾರಿನ ಮುಖದಲ್ಲಿ. "ನಿಮ್ಮನೆ."

ಕೋಟು, ಕೇಕು, ಸೀಟು ಎಲ್ಲ ವೆಂಡೆಲಿನ್ ತಲೆಯಿಂದ ಹಾರಿಹೋದವು. "ದೇವರೇ, ಅವರಿಬ್ಬರು ಒಳಗಿರಬಾರದು, ಇಬ್ಬರೂ ಹೊರಗೆ ಬಂದಿರಲಿ" ಎನ್ನುತ್ತ ತುಳಿದ. ಅಷ್ಟು ಜೋರಾಗಿ ಅವನು ಹಿಂದೆಂದೂ ಸೈಕಲ್ ತುಳಿದಿರಲಿಲ್ಲ.

ಮನೆಯ ಗೇಟಿನಲ್ಲಿ ರೋಸ್ವಿಥಾ ನಿಂತಿದ್ದಳು. ಮುಖಕ್ಕೆ ಮಸಿ, ಕೈಯಲ್ಲಿ ಬೆಕ್ಕು. ಅವನು ಸೈಕಲನ್ನು ಬೇಲಿಗೆ ಬಿಸಾಡಿ ಓಡಿ, ಬೆಕ್ಕಿನ ಸಮೇತ ಅವಳನ್ನು ತಬ್ಬಿಕೊಂಡ.

"ಏನೂ ಆಗಿಲ್ಲ ಬಿಡ್ರೀ. ಅಡುಗೆಮನೆ ಪರದೆ, ಒಂದು ಕಪಾಟು, ಅಷ್ಟೆ."

"ಅತ್ತೆ ಎಲ್ಲಿ?"

"ಅಲ್ಲಿ ನೋಡಿ, ನೀರು ಹೇಗೆ ಹೊಡೀಬೇಕು ಅಂತ ದಳದೋರಿಗೆ ಪಾಠ ಹೇಳ್ತಿದಾಳೆ."

ಅತ್ತೆಯ ದನಿ ಕೇಳಿ ಅವನಿಗೆ ಇಷ್ಟು ಸಂತೋಷವಾದದ್ದು ಮದುವೆಯಾದ ಮೇಲೆ ಅದೇ ಮೊದಲು. ಹುಲ್ಲಿನ ಮೇಲೆ ಕೂತು, ನಗುತ್ತ ಅಳುತ್ತ, ಕಣ್ಣು ಒರೆಸಿಕೊಂಡ. ಇನ್ನಷ್ಟು ಹೊತ್ತು ತಡವಾಗಿದ್ದರೆ ಛಾವಣಿಯೇ ಹಿಡಿದುಕೊಳ್ಳುತ್ತಿತ್ತು ಎಂದು ಕ್ರಿಸ್ಪಿನ್ ಹೇಳಿದ. "ಗುಂಡಿ ಬಿಡದೆ ಹಿಡ್ಕೊಂಡಿದ್ದು ಒಳ್ಳೇದಾಯ್ತು ಕಣೋ," ಎಂದು ಬೆನ್ನು ತಟ್ಟಿದ. ನಮಗೆಲ್ಲ ಮುಖ ಎತ್ತಲು ನಾಚಿಕೆ.

ಆಗ ಕಮಾಂಡರ್ ಒಳಗಿನಿಂದ ಒಂದು ಕಪ್ಪು ಚಿಂದಿ ಹಿಡಿದುಕೊಂಡು ಬಂದ. ಅದರಲ್ಲಿ ದಳದ ಕೋಟಿನ ಒಂದೇ ಒಂದು ಹಿತ್ತಾಳೆ ಗುಂಡಿ ಉಳಿದು ಹೊಳೆಯುತ್ತಿತ್ತು.

"ಯಾರು ಇದನ್ನ ಒಲೆ ಮೇಲೆ ಒಣಗೋಕೆ ಹಾಕಿದ್ದು?"

"ನಾನೇ," ಎಂದಳು ಅತ್ತೆ. "ಹೇಗಾದ್ರೂ ಮಾಡಿ ಒಣಗ್ಸಿ ಅಂತ ಅಳಿಯಂದ್ರೇ ಹೇಳಿದ್ರು."

"ಒಲೆ ಮೇಲೆ ಬಟ್ಟೆ ಹಾಕ್ಬಾರ್ದು ಅಂತ ನೋಟಿಸಿನಲ್ಲಿ ಮೊದಲನೇ ಸಾಲೇ ಇದೆಯಲ್ಲ ತಾಯಿ?"

"ಯಾವ ನೋಟಿಸು?"

ಕಮಾಂಡರ್ ಬಾಗಿಲು ನೋಡಿದ. ಗೋಡೆ ನೋಡಿದ. ಆಮೇಲೆ ವೆಂಡೆಲಿನ್‌ನನ್ನು ನೋಡಿದ. ಊರಿನ ಎಲ್ಲ ಮನೆಗೂ ಅಂಟಿಸಿದವನು ತನ್ನ ಮನೆಗೆ ಅಂಟಿಸಿರಲಿಲ್ಲ.

ನಮ್ಮ ನಾಚಿಕೆ ಅಲ್ಲಿಗೆ ಸರಿಹೋಯಿತು. ಪೈಪು ಸುತ್ತತೊಡಗಿದೆವು.

"ಕಮಾಂಡರ್ರೇ," ಎಂದ ವೆಂಡೆಲಿನ್ ಮೆಲ್ಲಗೆ, "ವಾಪಸ್ ಹೋಗೋವಾಗಲಾದ್ರೂ ಹತ್ಲಾ? ಹತ್ತಿದ್ದು ಹತ್ತಿದ್ದೇ ಅಲ್ವಾ? ಮತ್ತೆ ಹೊತ್ಕೊಳ್ಳದ ಹಾಗೆ ಕೆಂಡ ಕಾಯೋದಕ್ಕೆ ಒಬ್ಬ ಇಲ್ಲೇ ಉಳೀಬೇಕಲ್ಲ, ಒಂದು ಸೀಟು ಖಾಲಿ ಇರುತ್ತೆ."

"ಉಳೀಬೇಕು, ನಿಜ," ಎಂದ ಕಮಾಂಡರ್. "ಆದ್ರೆ ನೀನೇ ಇದ್ದೀಯಲ್ಲ. ಮನೆ ನಿಂದೇ ತಾನೇ?"

ಒಂಬತ್ತು ಜನವೂ ಹತ್ತಿದೆವು. ಗಾಡಿ ಹೊರಟಾಗ ವೆಂಡೆಲಿನ್ ಹಿಂದೆಯೇ ಓಡಿ ಬಂದು ಕೇಳಿದ: "ನಾಳೆ ಪೆರೇಡಿಗೆ ಕೋಟೇ ಇಲ್ವಲ್ಲ?"

ಕಮಾಂಡರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕೇಕ್ ಮೇಜಿಗೆ ಕೋಟು ಯಾಕೋ? ಏಪ್ರನ್ ಸಾಕು. ದರ್ಜಿ ಅಲ್ವಾ, ನೀನೇ ಒಂದು ಹೊಲ್ಕೋ."

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೆಂಡ ಕಾಯುತ್ತ ಕೂತ ಅಳಿಯನಿಗೆ ಅತ್ತೆ ಪಕ್ಕದ ಮನೆಯಿಂದ ಬಿಸಿ ಕಾಫಿ ತಂದುಕೊಟ್ಟಳು. ಹೆಗಲ ಮೇಲೆ ಕೈಯಿಟ್ಟು, ಮನಸಾರೆ ಸಮಾಧಾನ ಹೇಳಿದಳು:

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಆ ಏಪ್ರನ್ ಹೊಲಿದು ಒಗೆದು ನನಗೇ ಕೊಡಿ. ಬೆಳಗಾಗೋದ್ರೊಳಗೆ ಒಣಗ್ಸಿಟ್ಟಿರ್ತೀನಿ."