ಅಲಸಂದೆ ಮನೆತನ

ಕಪಿಂಗಳ ಫಜೀತಿ ಶುರುವಾದದ್ದು ನಾಲ್ಕು ಅಲಸಂದೆ ವಡೆಯಿಂದ.

ಬಾಮಾಕೋ ಪಟ್ಟಣಕ್ಕೆ ಬಂದು ಅವಳಿಗೆ ಅದು ಮೂರನೆಯ ಬೆಳಗು. ಕೆಸರಿನಿಂದ ಬಟ್ಟೆಗೆ ಬಣ್ಣ ಕಟ್ಟುವ ಕೆಲಸವನ್ನು ಒಂದು ವರ್ಷ ಕಲಿಯಬೇಕೆಂದು ದೂರದ ಲುಬುಂಬಾಶಿಯಿಂದ ಒಬ್ಬಳೇ ಹೊರಟುಬಂದಿದ್ದಳು. ಇಪ್ಪತ್ಮೂರು ವರ್ಷ ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಬೆಳೆದವಳು. ಸಂತೆಯಲ್ಲಿ ಈರುಳ್ಳಿ ಕೇಳಲೂ ಎರಡು ಸಲ ಉಗುಳು ನುಂಗುವ ಸ್ವಭಾವ. ಆದರೂ ಮೂರು ದಿನದಿಂದ ಎದೆಯೊಳಗೆ ಯಾರೋ ಡೋಲು ಬಾರಿಸುತ್ತಿದ್ದರು. ನನ್ನ ಊರು! ನನ್ನ ಕೋಣೆ! ನನ್ನದೇ ಕೀಲಿಕೈ!

ಕೋಣೆ ಮಾತ್ರ ಇನ್ನೂ ಪೂರ್ತಿ ಅವಳದಾಗಿರಲಿಲ್ಲ.

"ಸಂಜೆ ನಮ್ಮ ಭಾವ ಬರ್ತಾರೆ," ಎಂದಳು ಮನೆ ನೋಡಿಕೊಳ್ಳುವ ನ್ಯೇಲೆ, ಬಿಸಿ ವಡೆ ತಟ್ಟೆಗೆ ಹಾಕುತ್ತಾ. ಬಂದ ದಿನದಿಂದಲೇ ಕಪಿಂಗ ಅವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳು. "ಮನೆ ಅವರದು. ನೀನು ಇರ್ಬೇಕೋ ಬೇಡ್ವೋ ಅಂತ ಅವರೇ ಹೇಳೋದು. ಬಾಯಿಲ್ಲದೋರನ್ನ ಕಂಡ್ರೆ ಅವರಿಗೆ ಆಗೋದೇ ಇಲ್ಲ. ಹೋದ ವರ್ಷ ಒಬ್ಳಿದ್ಲು. ನಮಸ್ಕಾರ ಅಂದವಳೇ ಬಾಗಿಲು ಹಾಕ್ಕೊಂಡ್ಳು. ಮಾರನೇ ದಿನವೇ ಗಂಟುಮೂಟೆ!"

ಕಪಿಂಗ ನಾಲ್ಕನೆಯ ವಡೆಯನ್ನು ಅಗಿಯದೆಯೇ ನುಂಗಿದಳು.

"ಹೆದರ್ಬೇಡ್ವೇ. ನಮ್ಮೂರಲ್ಲಿ ಮನೆತನದ ಹೆಸರಿಲ್ಲದಿದ್ರೆ ಮಾತೇ ಶುರುವಾಗಲ್ಲ. ಅದಕ್ಕೇ ಇವತ್ತಿಂದ ನೀನೂ ನನ್ ಥರಾನೇ ಕುಲಿಬಾಲಿ, ಅದು ನನ್ನ ತವರಿನ ಹೆಸರು. ಯಾರು ಕೇಳಿದ್ರೂ ಜೋರಾಗಿ ಹೇಳು."

ಹೀಗೆಂದು ನ್ಯೇಲೆ ಚಿಕ್ಕಮ್ಮ ಹೊದ್ದ ಬಟ್ಟೆಯ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವಿನಲ್ಲಿ ಏನೋ ಇತ್ತು. ಹೊಸ ಹೆಸರಿನ ಸಂಭ್ರಮದಲ್ಲಿ ಕಪಿಂಗ ಅದನ್ನು ಗಮನಿಸಲಿಲ್ಲ.

ಒಂದು ಬಕೆಟ್ ತರೋಣವೆಂದು ಹೊರಟಳು. ಬಾಗಿಲಾಚೆ ಮರದ ನೆರಳಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿ ಕತ್ತೆತ್ತಿದ.

"ಹೊಸಬಳೇನಮ್ಮಾ? ಯಾವ ಮನೆತನ?"

"ಕುಲಿಬಾಲಿ!" ಎಂದಳು ಕಪಿಂಗ, ತನಗೇ ಆಶ್ಚರ್ಯವಾಗುವಷ್ಟು ಜೋರಾಗಿ.

ದರ್ಜಿಯ ಮುಖ ಹುರಿದ ಜೋಳದಂತೆ ಅರಳಿತು. "ಥೂ, ಅಲಸಂದೆಬಾಕಿ! ಬೆಳಗ್ಗೆ ಬೆಳಗ್ಗೆನೇ ತಿಂದ್ಕೊಂಡು ಬಂದಿದೀಯಲ್ಲೇ!"

ಕಪಿಂಗ ಥಟ್ಟನೆ ಬಾಯಿ ಒರೆಸಿಕೊಂಡಳು. ಇವನಿಗೆ ಹೇಗೆ ಗೊತ್ತಾಯಿತು? ತುಟಿಗೆ ಚೂರು ಅಂಟಿದೆಯೇ? ಯೋಚಿಸುವಷ್ಟರಲ್ಲಿ ಹಸಿರು ವ್ಯಾನು ಬಂತು. ದರ್ಜಿ ಅಲ್ಲಿಂದಲೇ ಕಂಡಕ್ಟರನಿಗೆ ಕೂಗಿ ಹೇಳಿದ: "ಹುಷಾರಪ್ಪೋ, ಕುಲಿಬಾಲಿ ಹತ್ತಿದಾಳೆ!"

"ಅಯ್ಯಯ್ಯೋ, ಕಿಟಕಿ ತೆಗೀರಿ, ಕಿಟಕಿ!" ಎಂದು ಕಂಡಕ್ಟರ್ ಬೊಬ್ಬೆ ಹಾಕಿದ. "ಅಲಸಂದೆ ತಿಂದೋಳು ಕೂತಿದಾಳೆ. ಗಾಳಿ ಆಡ್ಲಿ!"

ವ್ಯಾನಿಗೆ ವ್ಯಾನೇ ಗೊಳ್ಳೆಂದಿತು. ಎದುರು ಸೀಟಿನ ಅಜ್ಜಿಯೊಬ್ಬಳು ಮೂಗು ಹಿಡಿದುಕೊಂಡು ಕಣ್ಣು ಮಿಟುಕಿಸಿದಳು. ಕಪಿಂಗಳಿಗೆ ತಾನು ಬಕೆಟ್ ತರುವ ಬದಲು ಬಕೆಟ್ಟಿನೊಳಗೇ ಕೂತು ಮುಚ್ಚಳ ಹಾಕಿಕೊಳ್ಳಬೇಕೆನ್ನಿಸಿತು.

ಸಂತೆಯಲ್ಲಿ ಪಾತ್ರೆ ಅಂಗಡಿಯ ಸುಂಗಾಲೊ ಎಂಬವನು ದೊಡ್ಡ ನೀಲಿ ಬಕೆಟ್ಟನ್ನು ತಟ್ಟಿ ತೋರಿಸಿ, ಮನೆತನ ಯಾವುದೆಂದು ಕೇಳಿದ. ಈ ಸಲ ಅವಳು ಪಿಸುಗುಟ್ಟಿದಳು. ಸುಂಗಾಲೊ ಬಕೆಟ್ಟನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

"ಇದು ನಿನಗೆ ಸಾಲಲ್ಲ ಕಣಮ್ಮಾ! ನಂಗೊತ್ತಿಲ್ವಾ, ಕುಲಿಬಾಲಿಗಳು ಒಂದು ಹೊತ್ತಿಗೆ ನೆನೆಹಾಕೋ ಅಲಸಂದೆಗೆ ಬಾವಿನೇ ಬೇಕು!"

ಅಷ್ಟೇ. ಬಕೆಟ್ಟನ್ನು ಅಲ್ಲೇ ಬಿಟ್ಟು ಕಪಿಂಗ ಓಡಿದಳು. ಮನೆಗೆ ಬಂದು, ಅಂಗಳದಲ್ಲಿ ಕುಸಿದು ಕೂತು, ಗೊಳೋ ಎಂದು ಅತ್ತಳು.

"ಚಿಕ್ಕಮ್ಮ, ನಾನು ಇಲ್ಲಿರಲ್ಲ! ಈ ಊರಿಗೆ ನನ್ನ ಕಂಡ್ರೆ ಆಗಲ್ಲ!"

ಎಲ್ಲವನ್ನೂ ಕೇಳಿದ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದೇ, ಅದು ಬೈಗುಳ ಅಲ್ವೇ, ನೆಂಟಸ್ತಿಕೆ! ಈ ಊರಲ್ಲಿ ಒಂದು ಮನೆತನ ಇನ್ನೊಂದನ್ನ ಅತ್ತೆಮಕ್ಕಳು ಕೆಣಕ್ದಂಗೆ ಕೆಣಕ್ಬೇಕು. ಹಾಗಂತ ತಾತ ಮುತ್ತಾತನ ಕಾಲದಿಂದ ಇದೆ. ಕೇಳಿಸ್ಕೊಂಡೋರು ಸಿಟ್ಟಾಗೋ ಹಾಗಿಲ್ಲ. ತಿರುಗಿಸಿ ಕೊಡದೆ ಸುಮ್ಮನಿದ್ರೆ ಅದೇ ಮರ್ಯಾದೆಗೇಡು. ಅವರೆಲ್ಲ ತ್ರಾವೊರೆಗಳು. ನಮ್ಮ ಅಲಸಂದೆ ಕದಿಯೋ ಕಳ್ಳರು. ಎಲ್ಲಿ, ಹೇಳು ನೋಡೋಣ?"

"ಅಲಸಂದೆ ಕಳ್ಳರು," ಎಂದಳು ಕಪಿಂಗ, ಮೂಗೊರೆಸಿಕೊಳ್ಳುತ್ತಾ.

"ಇದೇನು ಕಿವಿಯಲ್ಲಿ ಮಂತ್ರ ಹೇಳ್ತಿದೀಯಾ? ಜೋರಾಗಿ!"

"ಅಲಸಂದೆ ಕಳ್ಳರೂ!"

ಅಂಗಳದ ಕೋಳಿಗಳು ಬೆದರಿ ಹಾರಿದವು. ಕಪಿಂಗಳ ಮೈಯೆಲ್ಲ ಜುಮ್ಮೆಂದಿತು. ಇಪ್ಪತ್ಮೂರು ವರ್ಷ ಒಳಗೇ ಮುಚ್ಚಿಟ್ಟಿದ್ದ ಗಂಟಲು ಇದೇನಾ?

ಕಣ್ಣೊರೆಸಿಕೊಂಡು ಮತ್ತೆ ಹೊರಬಿದ್ದಳು. "ಏ ಕಳ್ಳ!" ಎಂದಳು ದರ್ಜಿಗೆ. "ನಿನ್ನ ಯಂತ್ರ ಹೊಲಿಯೋದೆಲ್ಲ ಅಲಸಂದೆ ಕದ್ದು ತುಂಬೋ ಜೇಬುಗಳೇ!" ದರ್ಜಿ ಚಪ್ಪಾಳೆ ತಟ್ಟಿ ಕುಣಿದ. ವ್ಯಾನಿನಲ್ಲಿ, "ನಮ್ಮ ಗಾಳಿ ಕುಡಿದ್ರೆ ನಿಂಗೇ ಲಾಭ ಕಣೋ ಕಳ್ಳ, ಅಲಸಂದೆ ಕದಿಯದೇನೇ ಹೊಟ್ಟೆ ತುಂಬುತ್ತೆ!" ಎಂದಳು. ಕಂಡಕ್ಟರನೇ ಎದ್ದು ಅವಳಿಗೆ ಸೀಟು ಕೊಟ್ಟ. ಸುಂಗಾಲೊನಿಗೆ ಅಂಗಡಿಯ ಮುಂದೆ ನಿಂತು ಬೀದಿ ಸೇರುವಂತೆ ಹೇಳಿದಳು: "ಬಾವಿ ನಮ್ಮನೇಲೇ ಇದೆ. ರಾತ್ರಿ ಅದರಲ್ಲಿ ಇಳಿದು ಕಾಳು ಕದಿಯೋ ತ್ರಾವೊರೆಗಳನ್ನ ಮೇಲೆತ್ತೋಕೆ ಬಕೆಟ್ ಬೇಕು, ಕೊಡು!" ಸುಂಗಾಲೊ ಬಕೆಟ್ಟನ್ನು ತಾನೇ ಅವಳ ತಲೆಯ ಮೇಲಿಟ್ಟು ಕಳಿಸಿದ. ಹಿಂದಿರುಗುವ ದಾರಿಯಲ್ಲಿ ಮನೆತನ ಕೇಳಿ ಕೇಳಿ ಇನ್ನೂ ಹನ್ನೊಂದು ಮಂದಿ ತ್ರಾವೊರೆಗಳನ್ನು ಕೆಣಕಿದಳು. ಅವರಲ್ಲಿ ಇಬ್ಬರು ಊಟಕ್ಕೆ ಕರೆದರು.

ಮನೆಗೆ ಬಂದರೆ ಮಾವಿನ ಮರದ ಕೆಳಗೆ ಬಿಳಿ ನಿಲುವಂಗಿಯ ಮುದುಕರೊಬ್ಬರು ಬೆತ್ತ ಹಿಡಿದು ಕೂತಿದ್ದಾರೆ. ಚಿಕ್ಕಮ್ಮ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಿದ್ದಳು. ಭಾವ! ಕಪಿಂಗಳಿಗೆ ಹಳೆಯ ಬೆಕ್ಕಿನ ಹೆಜ್ಜೆ ಹಿಂತಿರುಗಿತು.

"ನಾನು ಚೆಕುರಾ ತ್ರಾವೊರೆ," ಎಂದರು ಮುದುಕರು ಗಂಭೀರವಾಗಿ. "ನೀನ್ಯಾರು?"

ತ್ರಾವೊರೆ! ತಲೆಯ ಮೇಲಿನ ಬಕೆಟ್ಟನ್ನು ಇಳಿಸಿ, ಕಪಿಂಗ ಬಾಯಿ ಬಿಟ್ಟಳು.

"ಕುಲಿಬಾಲಿ! ದೊಡ್ಡಯ್ಯ, ಗಡ್ಡ ನರೆತ್ರೂ ಕದಿಯೋ ಕೈಗೆ ವಯಸ್ಸಾಗಲಿಲ್ವಾ? ಆ ನಿಲುವಂಗಿ ಇಷ್ಟು ಅಗಲ ಯಾಕೆ? ಒಳಗೆ ಎಷ್ಟು ಸೇರು ನಮ್ಮ ಅಲಸಂದೆ ಇದೆ? ಕೊಡವಿ ತೋರಿಸಿ!"

ಮುದುಕರ ಬೆತ್ತ ಮೆಲ್ಲನೆ ಮೇಲೆದ್ದಿತು. ಅದರ ಹಿಂದೆಯೇ ಅವರ ನಗೆ, ಒಡೆದ ಕೆರೆಯ ಹಾಗೆ.

"ಇರ್ಲಿ! ಇವಳು ಒಂದು ವರ್ಷ ಅಲ್ಲ, ಹತ್ತು ವರ್ಷ ಇರ್ಲಿ!" ಎಂದು ಕಣ್ಣೊರೆಸಿಕೊಂಡರು. ಕಪಿಂಗ ಅಲ್ಲೇ ಕುಣಿದಳು. ಮುದುಕರು ಬೆತ್ತ ಕುಟ್ಟಿದರು. "ಆದ್ರೆ ಇಂಥ ನಾಲಗೆ ಅಲಸಂದೆಬಾಕರ ಪಾಲಾಗೋದು ಅನ್ಯಾಯ. ಮನೆ ಯಜಮಾನ ನಾನು ಹೇಳ್ತಿದೀನಿ. ಈ ಗಳಿಗೆಯಿಂದ ನೀನು ತ್ರಾವೊರೆ!"

"ಭಾವಾ!" ಎಂದು ಚಿಕ್ಕಮ್ಮ ಕಿರುಚಿದಳು. "ಮೂವತ್ತು ವರ್ಷ ಈ ಮನೇಲಿ ಒಬ್ಳೇ ಕುಲಿಬಾಲಿ ನಾನು! ನಿಮ್ಮೆಲ್ಲರ ಮಾತು ಒಬ್ಳೇ ತಿಂದಿದೀನಿ! ಈಗ ಜೊತೆಗೊಬ್ಳು ಸಿಕ್ಕಿದ್ಲು ಅಂದ್ರೆ..."

ಯಜಮಾನರ ಮಾತಿಗೆ ಎದುರಿಲ್ಲ. ಸುದ್ದಿ ಬಕೆಟ್ಟಿಗಿಂತ ಬೇಗ ಬೀದಿ ದಾಟಿತು. ಬಾಗಿಲಲ್ಲಿ ದರ್ಜಿಯ ತಲೆ ಕಂಡಿತು. "ಏನಮ್ಮಾ ತಂಗೀ, ಮಧ್ಯಾಹ್ನ ಕಳ್ಳರ ಮನೆತನ ಅಂದ್ಯಲ್ಲ, ಸ್ವಾಗತ!"

ಹೊತ್ತು ಮುಳುಗುವಾಗ ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂತರು. ಬೆಳಗಿನ ನಾಲ್ಕು ವಡೆಯ ಮೇಲೆ ಕಪಿಂಗ ಏನೂ ತಿಂದಿರಲಿಲ್ಲ. ಘಮಘಮ ಆವಿಯ ಕೆಳಗೆ ಬೋಗುಣಿಯ ತುಂಬ ಅಲಸಂದೆ. ಚಿಕ್ಕಮ್ಮ ತುಟಿ ಬಿಗಿದು, ಅವಳ ಕೈಯನ್ನೇ ನೋಡುತ್ತಿದ್ದಳು. ಕಪಿಂಗ ಮೆಲ್ಲಗೆ ಒಂದು ತುತ್ತು ತೆಗೆದು ಬಾಯಿಗಿಟ್ಟಳು.

"ನೋಡ್ರಪ್ಪೋ ನೋಡ್ರಿ!" ಗೋಡೆಯಾಚೆಯ ಮೂರು ಮನೆಗೂ ಕೇಳುವಂತೆ ಚಿಕ್ಕಮ್ಮ ಕೂಗಿದಳು. "ಹೊಸ ಕಳ್ಳಿ ಸಿಕ್ಕಿಬಿದ್ಲು!"